ಎರಡು ಸುತ್ತು ಅಂಚಿಗೆ, ಒಂದು ಗೀಟು ನಡುವಿಗೆ

ಲೇನಾ ನೋಲ್ಟ್ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ "ಇದು ನಾನು ಮಾಡಿದ್ದು" ಎಂದು ಬಾಯಿಬಿಟ್ಟು ಹೇಳಿದಳು. ಅದೂ ಲ್ಯಾಂಕಾಸ್ಟರ್ ಪೇಟೆಯ ವಕೀಲನೊಬ್ಬ ಅವಳ ಗಂಟಲಿಗೆ ಕೈಹಾಕಿ ಎಳೆದ ಹಾಗೆ ಎಳೆದ ಮೇಲೆ. ಆ ಒಂದು ಮಾತು ಅವಳನ್ನು ಸಭೆಯಿಂದ ದೂರವಿಡುವ ತನಕ ಹೋಯಿತು. ನಮ್ಮ ಕಣಿವೆಯಲ್ಲಿ ಸರಳವಾಗಿ ಬದುಕುವ ಮೆನೊನೈಟ್ ಕ್ರೈಸ್ತ ಜನಕ್ಕೆ ಕಳ್ಳತನಕ್ಕಿಂತ ಜಂಬ ದೊಡ್ಡ ಪಾಪ. ಕಳ್ಳನಾದರೆ ಕದ್ದ ಮಾಲು ಹಿಂದಕ್ಕೆ ಕೊಟ್ಟಾನು, ಜಂಬ ಕೊಚ್ಚಿಕೊಂಡವನು ಏನನ್ನು ಹಿಂದಕ್ಕೆ ಕೊಡುತ್ತಾನೆ ಎಂದು ಹಿರಿಯರು ಕೇಳುತ್ತಿದ್ದರು.

ಅಕ್ಟೋಬರ್ ಬಂತೆಂದರೆ ಮನೆಮನೆಯ ಅಂಗಳದಲ್ಲೂ ತಾಮ್ರದ ಕೊಪ್ಪರಿಗೆ ಒಲೆಯೇರುತ್ತಿತ್ತು. ಹಿಂದಿನ ಸಂಜೆ ನೆರೆಹೊರೆಯವರೆಲ್ಲ ಸೇರಿ ಹರಟುತ್ತ ಹೆಚ್ಚಿಟ್ಟ ಸೇಬಿನ ಹೋಳು, ಸೇಬಿನದೇ ರಸದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುದಿದು, ಬತ್ತಿ, ಕಪ್ಪಗೆ ಲೇಹ್ಯವಾಗಬೇಕು. ಅಷ್ಟು ಹೊತ್ತೂ ಯಾರಾದರೂ ಉದ್ದ ಹಿಡಿಯ ಮರದ ಹುಟ್ಟು ಹಿಡಿದು ತೊಳಸುತ್ತಲೇ ಇರಬೇಕು. ಹೇಗೆ ಬೇಕೋ ಹಾಗೆ ತೊಳಸಿದರೆ ಆಗದು. "ಎರಡು ಸುತ್ತು ಅಂಚಿಗೆ, ಒಂದು ಗೀಟು ನಡುವಿಗೆ" ಎನ್ನುವುದು ಕಣಿವೆಯ ಹೆಣ್ಣುಮಕ್ಕಳು ಮಾತು ಕಲಿಯುವಾಗಲೇ ಕಲಿಯುವ ಪಾಠ. ಅಂಚಿಗಷ್ಟೇ ಸುತ್ತಿದರೆ ನಡು ಸೀಯುತ್ತದೆ, ನಡುವಿಗಷ್ಟೇ ಎಳೆದರೆ ಅಂಚು ಕಚ್ಚುತ್ತದೆ. ಒಮ್ಮೆ ತಳ ಹತ್ತಿತೋ, ಇಡೀ ಕೊಪ್ಪರಿಗೆ ಹಂದಿಗಳ ಪಾಲು. ಆ ಮನೆಯ ಹೆಂಗಸು ಮುಂದಿನ ಸೇಬಿನ ಕಾಲದವರೆಗೆ ಊರ ಬಾಯಿಗೆ ಎಲೆಯಡಿಕೆ.

ಲೇನಾಳ ಅತ್ತೆ ಸಲೋಮೆಗೆ ಆ ಗತಿ ಎಂದೂ ಬಂದಿರಲಿಲ್ಲ. ಗಂಡ ಸತ್ತ ಮೇಲೆ ಪಕ್ಕದಲ್ಲೇ ಮುದುಕರಿಗೆಂದು ಕಟ್ಟಿದ ಅಜ್ಜಿಮನೆಗೆ ಸರಿದಿದ್ದರೂ ಕೊಪ್ಪರಿಗೆಯ ಯಜಮಾನಿಕೆ ಬಿಟ್ಟುಕೊಟ್ಟಿರಲಿಲ್ಲ. ಕುದಿಯುವ ಲೇಹ್ಯ ಸಿಡಿದು ಸಿಡಿದು ಆಕೆಯ ಮುಂಗೈ ತುಂಬ ಬಿಳಿ ಕಲೆಗಳಿದ್ದವು. "ಸಲೋಮೆಯ ಕೊಪ್ಪರಿಗೆ ತಳ ಹತ್ತಿದ ದಿನ ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆ" ಎಂದು ಜನ ಹೇಳುತ್ತಿದ್ದರು. ಆಕೆ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳಂತೆ ತಲೆಗೆ ಕಟ್ಟಿದ ಬಾನೆಟ್ಟು ಸರಿಪಡಿಸಿಕೊಳ್ಳುವುದನ್ನು ನೋಡಿದರೆ ಸಾಕಿತ್ತು, ಜಂಬಕ್ಕೆ ನಮ್ಮ ಸಭೆಯಲ್ಲೂ ಒಂದು ಬೆಂಚಿದೆ ಎಂದು ತಿಳಿಯುತ್ತಿತ್ತು.

ಒಂದು ವರ್ಷ ಸೂರ್ಯ ಪಡುವಣದಲ್ಲೇ ಹುಟ್ಟಿದ. ಆವತ್ತು ಲೇನಾ ಒಳಗೆ ರೊಟ್ಟಿ ಬೇಯಿಸುತ್ತಿದ್ದಳು, ಅವಳ ಗಂಡ ಇಸ್ರೆಲ್ ಗಿರಣಿಗೆ ಹೋಗಿದ್ದ. ಸೀದ ವಾಸನೆ ಮೂಗಿಗೆ ಬಡಿದು ಓಡಿಬಂದರೆ ಹುಟ್ಟು ಕೊಪ್ಪರಿಗೆಯಲ್ಲಿ ನಿಂತಿದೆ, ಅತ್ತೆ ಕಾಣಿಸಲಿಲ್ಲ. ಬಟ್ಟೆ ಒಗೆಯುವ ಮನೆಯ ಹಿಂದೆ, ಗೋಡೆಗೆ ಹಣೆ ಒತ್ತಿಕೊಂಡು ಸಲೋಮೆ ಅಳುತ್ತಿದ್ದಳು. ಬಲದೋಳು ಸತ್ತಂತೆ ಜೋತುಬಿದ್ದಿತ್ತು, ಎಡಗೈಯಲ್ಲಿ ಅದನ್ನು ಹಿಡಿದುಕೊಂಡಿದ್ದಳು. ಗಂಡನ ಮಣ್ಣಿನ ದಿನವೂ ಅಳದ ಹೆಂಗಸು ಅದು. ಲೇನಾ ಬಂದ ಹಾಗೇ ಹಿಂದೆ ಸರಿದಳು. ಸೀದ ಲೇಹ್ಯದ ಮುಂದೆ ನಿಂತು ಹುಟ್ಟು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಬೇಲಿಯ ಆಚೆಯಿಂದ ನೆರೆಮನೆಯ ಕಿಟ್ಟಿ ಇಣುಕಿದಳು.

"ಏನೇ ಲೇನಾ ಅದು ವಾಸನೆ? ತಳ ಹತ್ತಿಸಿದ್ಯಾ?"

"ಹೂಂ ಕಣೆ," ಎಂದಳು ಲೇನಾ. "ನನ್ನ ಕೈಯಲ್ಲೇ ಹೋಯ್ತು."

ಮೂರು ಜನಕ್ಕೆ ಗೊತ್ತಾದರೆ ಗುಟ್ಟಲ್ಲ. ಇದು ಇಬ್ಬರಿಗಷ್ಟೇ ಗೊತ್ತಿತ್ತು, ಆ ಇಬ್ಬರೂ ತಮ್ಮತಮ್ಮೊಳಗೂ ಅದರ ಮಾತೆತ್ತಲಿಲ್ಲ. ಲೇನಾಳಿಗೆ "ಸೀದ ಲೇನಾ" ಎಂಬ ಹೆಸರು ಅಂಟಿತು. ಇಸ್ರೆಲ್‌ಗೆ ಹೆಂಡತಿಯ ಮೇಲೆ ಪ್ರಾಣ, ಆದರೆ ನಾಲಗೆಗೆ ಲಗಾಮಿಲ್ಲ. ಊಟಕ್ಕೆ ಕೂತಾಗಲೆಲ್ಲ ತಟ್ಟೆ ಮೂಸಿ, "ಇವತ್ತು ಸಾರಿಗೂ ನಿನ್ನ ಕೈ ತಗುಲಿದೆಯೋ ಹೇಗೆ?" ಎನ್ನುತ್ತಿದ್ದ. ಲೇನಾ ನಕ್ಕು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಸಲೋಮೆ ತಲೆ ತಗ್ಗಿಸಿ ಊಟ ಮಾಡುತ್ತಿದ್ದಳು.

ಆ ಚಳಿಗಾಲವಿಡೀ ಲೇನಾ ಅತ್ತೆಯ ತೋಳನ್ನು ಕದ್ದು ನೋಡಿದಳು. ಬಾಚಣಿಗೆ ಎತ್ತಲೂ ಆ ತೋಳು ಒದ್ದಾಡುತ್ತಿತ್ತು. ಮುಂದಿನ ವರ್ಷ ಹುಟ್ಟು ಬೇರೆಯವರ ಕೈಗೆ ಹೋದರೆ ಅತ್ತೆಯ ಗುಟ್ಟು ಬಯಲು, ಹೋಗದಿದ್ದರೆ ಮತ್ತೆ ತಳ ಹತ್ತುತ್ತದೆ. ಪೇಟೆಯಲ್ಲಿ ಹಿಡಿ ತಿರುಗಿಸುವ ಯಂತ್ರ ಸಿಗುತ್ತಿದ್ದದ್ದೇನೋ ನಿಜ. ಆದರೆ ಅದು ಗಾಣದ ಎತ್ತು, ಬರೀ ಗುಂಡಗೆ ಸುತ್ತುತ್ತಿತ್ತು. ನಡುವಿನ ಗೀಟು ಅದಕ್ಕೆ ಗೊತ್ತಿರಲಿಲ್ಲ. ಅದನ್ನು ತಂದವರೆಲ್ಲ ಹಂದಿಗಳಿಗೆ ಔತಣ ಮಾಡಿಸಿ, ಯಂತ್ರವನ್ನು ಅಟ್ಟಕ್ಕೆ ಎಸೆದಿದ್ದರು.

ಲೇನಾ ಹಿಟ್ಟು ನಾದುವಾಗ, ಹಾಲು ಕರೆಯುವಾಗ, ಸಭೆಯಲ್ಲಿ ಪ್ರಸಂಗ ಕೇಳುವಾಗಲೂ (ದೇವರು ಕ್ಷಮಿಸಲಿ) ಅದೇ ಗೀಟನ್ನು ಯೋಚಿಸಿದಳು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಜೋಳ ಬಿಡಿಸುವ ಯಂತ್ರದ ಹಲ್ಲುಚಕ್ರಗಳನ್ನು ಬಿಚ್ಚಿದಳು. ದೊಡ್ಡ ಚಕ್ರದ ಮೇಲೆ ಒಂದು ಮರದ ಗುಬುಟು. ಹುಟ್ಟು ಎರಡು ಸುತ್ತು ಬರುವಷ್ಟರಲ್ಲಿ ಆ ಗುಬುಟು ಬಂದು ಹುಟ್ಟಿನ ತೋಳನ್ನು ತಳ್ಳಬೇಕು, ತೋಳು ನಡುವಿನಲ್ಲಿ ಹಾದು ಆಚೆ ಅಂಚಿಗೆ ಹೋಗಬೇಕು, ಒಂದು ಸ್ಪ್ರಿಂಗು ಅದನ್ನು ಅಲ್ಲಿಯೇ ಹಿಡಿದಿಡಬೇಕು. ಯೋಚನೆ ಸರಿಯಾಗೇ ಇತ್ತು, ಸ್ಪ್ರಿಂಗಿಗೆ ಮಾತ್ರ ವಿಪರೀತ ಉತ್ಸಾಹ. ಪರೀಕ್ಷೆಗೆಂದು ಸ್ವಲ್ಪ ಲೇಹ್ಯ ಹಾಕಿ ಮೊದಲ ಸಲ ಹಿಡಿ ತಿರುಗಿಸಿದಾಗ ತೋಳು ರಪ್ಪನೆ ಹಾರಿ, ಪಕ್ಕದಲ್ಲಿ ನಿಂತಿದ್ದ ಇಸ್ರೆಲ್‌ನ ಭಾನುವಾರದ ಟೋಪಿ ತುಂಬ ಲೇಹ್ಯ ಎರಚಿತು.

"ಸೀಯೋದು ನಿಂತು ಹೋಯ್ತು ಬಿಡು," ಎಂದ ಅವನು ಟೋಪಿ ನೆಕ್ಕುತ್ತ. "ಕೊಪ್ಪರಿಗೇಲಿ ಇದ್ರೆ ತಾನೇ ಸೀಯೋದು!"

ಮುಂದಿನ ಸೇಬಿನ ಕಾಲಕ್ಕೆ ಯಂತ್ರ ಹದಕ್ಕೆ ಬಂತು. ಹಿಡಿ ತಿರುಗಿಸಿದರೆ ಹುಟ್ಟು ಎರಡು ಸುತ್ತು ಅಂಚಿಗೆ ಹೋಗಿ, ತಾನಾಗೇ ನಡುವಿಗೆ ಗೀಟೆಳೆದು, ಮತ್ತೆ ಅಂಚು ಹಿಡಿಯುತ್ತಿತ್ತು. ಎಡಗೈಯಲ್ಲೂ ತಿರುಗಿಸಬಹುದಿತ್ತು. ಅದನ್ನು ಲೇನಾ ಯಾರಿಗೂ ಎತ್ತಿ ಹೇಳಲಿಲ್ಲ, ಅತ್ತೆಯ ಎಡಗೈ ಬರುವ ಕಡೆಗೆ ಹಿಡಿಯನ್ನು ತಿರುಗಿಸಿಟ್ಟಳು, ಅಷ್ಟೆ.

ಸಲೋಮೆ ಹತ್ತಿರ ಬಂದು ನೋಡಿದಳು. "ಹಲ್ಲು ನನಗಿಂತ ಜಾಸ್ತಿ ಇದಾವೆ ಇದಕ್ಕೆ," ಎಂದಳು. "ಹಲ್ಲಿರೋ ವಸ್ತುನ ನಾನು ನಂಬಲ್ಲ." ಅಷ್ಟು ಹೇಳಿ ಒಳಗೆ ಹೋದವಳು ಆ ಯಂತ್ರವನ್ನು ಮುಟ್ಟಲೂ ಇಲ್ಲ, ಹುಟ್ಟು ಹಿಡಿಯಲೂ ಇಲ್ಲ. ವಯಸ್ಸಾಯಿತು, ಸೊಸೆಗೆ ಬಿಟ್ಟುಕೊಟ್ಟಳು ಎಂದು ಊರು ತಿಳಿಯಿತು. ಲೇನಾಳಿಗೆ ಮಾತ್ರ ಅನ್ನ ಬಡಿಸಿಟ್ಟ ತಟ್ಟೆಯನ್ನು ಯಾರೋ ದೂಡಿದಂತಾಯಿತು. ಯಾರಿಗಾಗಿ ಮಾಡಿದಳೋ ಅವಳೇ ಮುಟ್ಟಲಿಲ್ಲ.

ಕಣಿವೆಯ ಉಳಿದ ಹೆಂಗಸರು ಮಾತ್ರ ಸುಮ್ಮನಿರಲಿಲ್ಲ. ಬಂದರು, ಹಿಡಿ ತಿರುಗಿಸಿದರು, ಗಂಡಂದಿರನ್ನು ಕಮ್ಮಾರ ಮೋಸೆಸ್‌ನ ಕುಲುಮೆಗೆ ಅಟ್ಟಿದರು. ಹೋಗುವಾಗ ಕಿಟ್ಟಿ ಒಂದು ಚುಚ್ಚು ಮಾತು ಬಿಟ್ಟುಹೋದಳು: "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ತೊಳಸಲಾರದವಳು ಯಂತ್ರ ಮಾಡಿದ್ಳಂತೆ. ಆದ್ರೂ ಒಳ್ಳೇದೇ ಮಾಡಿದೀಯ ಬಿಡೇ. ನನಗೂ ಒಂದು ಬೇಕು."

ಸಾವಿರದ ಒಂಬೈನೂರ ಹತ್ತರ ಅಕ್ಟೋಬರ್‌ನಲ್ಲಿ ಪೀಕ್ ಎಂಬ ಏಜೆಂಟ್ ಸೇಬು ಸುಲಿಯುವ ಯಂತ್ರ ಮಾರಿಕೊಂಡು ಬಂದ. ನೋಲ್ಟ್ ಅಂಗಳದಲ್ಲಿ ಲೇಹ್ಯ ಕುದಿಯುತ್ತಿತ್ತು. ಬ್ರೆಡ್ಡಿನ ಮೇಲೆ ಬಿಸಿ ಲೇಹ್ಯ, ಅದರ ಮೇಲೆ ಒಡೆದ ಹಾಲಿನ ಗಿಣ್ಣು ಹಚ್ಚಿ ಕೊಟ್ಟದ್ದನ್ನು ತಿನ್ನುತ್ತ ಅವನು ಯಂತ್ರದ ಸುತ್ತ ಬೆಕ್ಕಿನ ಹಾಗೆ ಸುಳಿದ. ಕೈಕೋಲಿನಿಂದ ತೋಳನ್ನು ಅಳೆದ.

"ಇದಕ್ಕೆ ಪೇಟೆಂಟ್ ಮಾಡಿಸಿದೀರಾ ಅಮ್ಮ?"

"ಅಯ್ಯೋ, ಅದೆಲ್ಲ ಎಲ್ಲಿ! ಬೇಕಾದವರು ನೋಡ್ಕೊಂಡು ಮಾಡ್ಕೋತಾರೆ."

"ಒಳ್ಳೇದು, ಒಳ್ಳೇದು," ಎಂದು ಪೀಕ್ ಇನ್ನೊಂದು ತುಂಡು ಬ್ರೆಡ್ ಕೇಳಿ ಇಸಿದುಕೊಂಡ. ಲೇನಾ ಅದಕ್ಕೆ ಧಾರಾಳವಾಗಿ ಲೇಹ್ಯ ಹಚ್ಚಿದಳು.

ಮರುವಾರ ಪೇಟೆಗೆ ಹೋಗಿದ್ದ ಇಸ್ರೆಲ್ ಎಂದಿಲ್ಲದ ಗಂಭೀರ ಮುಖ ಹೊತ್ತು ಬಂದ. ಪೀಕ್ ಹೋಟೆಲಿನಲ್ಲಿ ಕೂತು ಕೊಚ್ಚಿಕೊಳ್ಳುತ್ತಿದ್ದಾನೆ. ಯಂತ್ರಕ್ಕೆ ತನ್ನ ಹೆಸರಲ್ಲಿ ಅರ್ಜಿ ಹಾಕುತ್ತಾನಂತೆ. ಆಮೇಲೆ ಕಣಿವೆಯಲ್ಲಿ ಯಾರೂ ತಾವೇ ಮಾಡಿಕೊಳ್ಳುವ ಹಾಗಿಲ್ಲ, ಮಾಡಿಕೊಂಡದ್ದನ್ನು ಮುರಿಯಬೇಕು, ಇಲ್ಲವೇ ಅವನಿಂದ ಕೊಳ್ಳಬೇಕು.

"ನಮ್ಮ ಕಿಟ್ಟಿದೂ ಮುರೀಬೇಕಾ?" ಎಂದಳು ಲೇನಾ.

"ಎಲ್ಲರದೂ. ನೀನೇ ಮೊದಲು ಅರ್ಜಿ ಹಾಕಿದ್ರೆ ಮಾತ್ರ ತಪ್ಪುತ್ತೆ ಅಂದ್ರು. ನನ್ನ ಹೆಸರಲ್ಲಿ ಹಾಕ್ಸು. ಬೈಸ್ಕೊಳ್ಳೋದು ನನಗೆ ಅಭ್ಯಾಸ ಇದೆ."

ಇಬ್ಬರೂ ಲ್ಯಾಂಕಾಸ್ಟರ್ ಪೇಟೆಗೆ ಹೋದರು. ವಕೀಲ ಅದಕ್ಕೆ ಒಪ್ಪಲಿಲ್ಲ. ಮಾಡಿದವರೇ ಹೇಳಬೇಕು, ಬೇರೆಯವರ ಹೆಸರು ಹಾಕಿದರೆ ಆ ಕಾಗದ ಒಲೆಗೆ ಹಾಕಲು ಲಾಯಕ್ಕು ಎಂದ. ಆಣೆ ಹಾಕಿಸಲು ಹೋದ. ನಮ್ಮವರು ಆಣೆ ಹಾಕುವುದಿಲ್ಲ ಎಂದಳು ಲೇನಾ. ಅದಕ್ಕೂ ಕಾನೂನಿನಲ್ಲಿ ಜಾಗವಿದೆ, ದೃಢವಾಗಿ ಹೇಳಿದರೆ ಸಾಕು ಎಂದು ಅವನು ಓದಿದ: ಈ ಯಂತ್ರವನ್ನು ಮೊಟ್ಟಮೊದಲು ಕಂಡುಹಿಡಿದವಳು ನಾನು, ನಾನೊಬ್ಬಳೇ.

"ಒಬ್ಬಳೇ ಅಂತ ಹೇಗೆ ಹೇಳ್ಲಿ ಸ್ವಾಮಿ?" ಎಂದಳು ಲೇನಾ. "ಎರಡು ಸುತ್ತು, ಒಂದು ಗೀಟು ಅನ್ನೋದು ನಮ್ಮಜ್ಜಿಯ ಅಜ್ಜಿ ಕಾಲದ್ದು. ಹಲ್ಲುಚಕ್ರ ಜೋಳದ ಯಂತ್ರದ್ದು. ಕಬ್ಬಿಣದ ತೋಳು ಮೋಸೆಸ್ ಬಡಿದುಕೊಟ್ಟಿದ್ದು. ಗುಬುಟು ಇವನು ಕೆತ್ತಿದ್ದು, ಅದೂ ಗೊಣಗಿಕೊಂಡು."

ವಕೀಲ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಮತ್ತೆ ಇದರಲ್ಲಿ ನಿಮ್ಮದೇನಮ್ಮ?"

ಲೇನಾ ಗಂಡನ ಮುಖ ನೋಡಿದಳು.

"ಇದನ್ನೆಲ್ಲ ಹೀಗೆ ಸೇರಿಸ್ಬೇಕು ಅಂತ ಕಮ್ಮಾರಂಗೆ ಗೊತ್ತಿತ್ತಾ?"

"ಇಲ್ಲ. ನಿಂಗೆ ತಲೆ ಕೆಟ್ಟಿದೆ ಅಂದ."

"ನಿಮ್ಮ ಯಜಮಾನರಿಗೆ?"

"ನನಗಾ?" ಎಂದ ಇಸ್ರೆಲ್. "ನನಗೆ ಗೊತ್ತಿದ್ದಿದ್ರೆ ಟೋಪಿ ದೂರ ಇಡ್ತಿದ್ದೆ."

"ಹಾಗಾದ್ರೆ ಯಾರಿಗೆ ಗೊತ್ತಿತ್ತು? ಹೇಳಿ ಅಮ್ಮ. ಯಾರಿಗೆ?"

ಲೇನಾ ಕೈಯಲ್ಲಿದ್ದ ಬುಟ್ಟಿಯ ಹಿಡಿಯನ್ನು ತಿರುಚಿದಳು. ಬಾನೆಟ್ಟಿನೊಳಗೆ ಕಿವಿ ಕೆಂಪಾಗಿತ್ತು. ಹುಟ್ಟಿದಾಗಿನಿಂದ ನುಂಗಿಕೊಂಡು ಬಂದ ಮಾತು ಅದು. "ನನಗೆ," ಎಂದಳು. "ಇದು ನಾನು ಮಾಡಿದ್ದು. ನಾನೊಬ್ಬಳೇ."

ದಾರಿಯುದ್ದಕ್ಕೂ ಇಸ್ರೆಲ್ ಬಿಡಲಿಲ್ಲ. "ಇನ್ನೊಂದ್ಸಲ ಹೇಳೇ, ಕೇಳೋಣ."

"ಬಾಯ್ಮುಚ್ಚಿಕೊಂಡು ಗಾಡಿ ಹೊಡಿ."

ಗಾಡಿ ಮನೆ ಮುಟ್ಟುವ ಮೊದಲೇ ಮಾತು ಕಣಿವೆ ಮುಟ್ಟಿತ್ತು. ಲೇನಾ ಪೇಟೆಗೆ ಹೋಗಿ "ನಾನೇ, ನಾನೊಬ್ಬಳೇ" ಎಂದು ಸರ್ಕಾರದ ಮುಂದೆ ಬರೆಸಿ ಬಂದಳಂತೆ. ಪೀಕ್‌ನ ಸಂಗತಿ ಕೇಳಿದವರೂ ತಲೆಯಾಡಿಸಿದರು. ಕಳ್ಳ ಕದಿಯಲಿ, ನಾವು ನಮ್ಮ ನಡತೆ ಕಾಯೋಣ ಎಂದರು. ಮುಂದಿನ ಶನಿವಾರವೇ ಸಮಾಧಾನ ಕೇಳುವ ಸಭೆ. ಪ್ರಭುವಿನ ನೆನಪಿಗೆ ಎಲ್ಲರೂ ಸೇರಿ ರೊಟ್ಟಿ ಮುರಿಯುವ ಭಾನುವಾರಕ್ಕೆ ಮುಂಚೆ ಒಬ್ಬೊಬ್ಬರನ್ನೂ ಕೇಳುತ್ತಾರೆ: ದೇವರ ಜೊತೆ, ಸಭೆಯ ಜೊತೆ ನಿಮಗೆ ಸಮಾಧಾನ ಇದೆಯಾ? ಒಬ್ಬರು ಇಲ್ಲ ಎಂದರೂ ರೊಟ್ಟಿ ಮುರಿಯುವಂತಿಲ್ಲ, ತಪ್ಪಿತಸ್ಥರು ಸರಿಮಾಡಿಕೊಂಡು ಬರಬೇಕು. ಲೇನಾ ಸರಿಮಾಡಿಕೊಳ್ಳುವುದೆಂದರೆ ಅರ್ಜಿ ವಾಪಸ್ಸು ತೆಗೆದುಕೊಳ್ಳುವುದು. ವಾಪಸ್ಸು ತೆಗೆದುಕೊಂಡರೆ ಪೀಕ್ ಬಾಗಿಲಲ್ಲೇ ಕಾದಿದ್ದ.

ಶನಿವಾರ ಹಿರಿಯ ಎಬಿ ಎದ್ದು ನಿಂತ. ಕೆಟ್ಟ ಮನುಷ್ಯನಲ್ಲ. ಧ್ವನಿಯಲ್ಲಿ ನೋವೇ ಇತ್ತು.

"ಲೇನಾ ತಂಗಿ, ಆ ಯಂತ್ರ ಮಾಡಿದ್ದು ನೀನೇನಾ?"

"ಹೌದು ಎಬಿ ಅಣ್ಣ."

"ಯಾಕೆ ಮಾಡಿದೆ ತಾಯಿ? ಹೆಸರಿಗಾ? ಮೈಗಳ್ಳತನಕ್ಕಾ? ಒಂದ್ಸಲ ನಿನ್ನ ಕೈಯಲ್ಲಿ ತಳ ಹತ್ತಿದ್ದು ನಮಗೆಲ್ಲ ಗೊತ್ತು. ಆ ನಾಚಿಕೆ ಮುಚ್ಚಿಕೊಳ್ಳೋಕಾ? ಯಾಕೆ ಅಂತ ಬಾಯಿಬಿಟ್ಟು ಹೇಳಿದ್ರೆ ಸಭೆ ಅರ್ಥ ಮಾಡಿಕೊಳ್ಳುತ್ತೆ."

ಹೇಳಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಲೇನಾ ಮುಂದಿನ ಬೆಂಚನ್ನು ನೋಡಿದಳು. ಅತ್ತೆಯ ಕಪ್ಪು ಬಾನೆಟ್ಟು ಅಲುಗಾಡದೆ ನಿಂತಿತ್ತು. ಅದರ ಕೆಳಗೆ ಬಲದೋಳನ್ನು ಎಡಗೈ ಹಿಡಿದುಕೊಂಡಿತ್ತು. ಲೇನಾ ತುಟಿ ಬಿಗಿದು ಕೂತುಬಿಟ್ಟಳು. ಇಸ್ರೆಲ್ ಗಂಡಸರ ಕಡೆಯಿಂದ ಕಣ್ಣುಸನ್ನೆ ಮಾಡಿ ಮಾಡಿ ಸೋತ. ಅವನಿಗೂ ಗೊತ್ತಿರಲಿಲ್ಲವಲ್ಲ. ಸುಮ್ಮನಿದ್ದವಳ ಮೌನವನ್ನು ಸಭೆ ಸೊಕ್ಕು ಎಂದು ಓದಿತು.

ಗಂಡಸರ ಬೆಂಚುಗಳಲ್ಲಿ ಕೇಳುತ್ತ ಬಂದರು. ಸಮಾಧಾನ, ಸಮಾಧಾನ, ಸಮಾಧಾನ. ಕಿಟ್ಟಿಯ ಗಂಡ ಟೋಬಿಯಾಸ್ ಗಡ್ಡ ಸವರಿಕೊಂಡು, "ನನಗಿಲ್ಲ. ಆ ಕಾಗದ ವಾಪಸ್ಸು ತಗೊಳ್ಳೋವರೆಗೆ ಇಲ್ಲ," ಎಂದ. ಒಬ್ಬನ ಮಾತೇ ಸಾಕಿತ್ತು. ಎಬಿ ನಿಟ್ಟುಸಿರು ಬಿಟ್ಟು ಹೆಂಗಸರ ಕಡೆ ತಿರುಗಿದ. ಅಲ್ಲಿ ಮೊದಲು ಹಿರಿಯಳಾದ ಸಲೋಮೆ.

"ಸಲೋಮೆ ಅಕ್ಕ, ನಿನಗೆ ಸಮಾಧಾನ ಇದೆಯಾ?"

"ಇಲ್ಲ," ಎಂದಳು ಸಲೋಮೆ.

ಮುದುಕಿ ಎದ್ದು ನಿಂತಳು, ಎಡಗೈಯನ್ನು ಬೆಂಚಿಗೆ ಊರಿಕೊಂಡು.

"ನನ್ನ ಸೊಸೆ ಮೇಲೆ ನನಗೊಂದು ದೂರಿದೆ. ಇವಳು ನಲವತ್ತು ವರ್ಷ ಮೊದಲು ಯಾಕೆ ಹುಟ್ಟಲಿಲ್ಲ? ಹುಟ್ಟಿದ್ರೆ ನನ್ನ ತೋಳು ಉಳೀತಿತ್ತು. ಇನ್ನೂ ಕೇಳಿ. ಆವತ್ತು ಕೊಪ್ಪರಿಗೆ ತಳ ಹತ್ತಿಸಿದ್ದು ಅವಳಲ್ಲ. ನಾನು. ಈ ತೋಳು ಸತ್ತುಬಿತ್ತು, ಹುಟ್ಟು ಬಿಟ್ಟು ಓಡಿಹೋದೆ. ಅವಳು ತನ್ನ ತಲೆ ಮೇಲೆ ಹಾಕ್ಕೊಂಡ್ಳು. ಇಷ್ಟು ವರ್ಷ ನೀವು ಅವಳನ್ನ ಸೀದ ಲೇನಾ ಅಂದ್ರಿ, ನಾನು ಅವಳ ಪಕ್ಕದಲ್ಲೇ ಕೂತು ಊಟ ಮಾಡ್ದೆ. ತಳ ಹತ್ತಿಸದ ಸಲೋಮೆ ಅನ್ನೋ ಹೆಸರು ಅಷ್ಟು ರುಚಿಯಾಗಿತ್ತು ನನಗೆ. ಜಂಬದ ವಿಚಾರಣೆ ಅಂದ್ರಲ್ಲ ಎಬಿ ಅಣ್ಣ? ತಪ್ಪು ಬೆಂಚಿಗೆ ಹೋಗಿ ವಿಚಾರಿಸಿದ್ರಿ."

ಹೆಂಗಸರ ಕಡೆಯಿಂದ ಯಾರೋ ಮೂಗು ಸೀಟಿದರು. ಎಬಿ ತಲೆ ತಗ್ಗಿಸಿ ನಿಂತಿದ್ದವನು, ತಡೆದು, ಟೋಬಿಯಾಸ್‌ನ ಕಡೆ ನೋಡಿದ. ಟೋಬಿಯಾಸ್ ತನ್ನ ಹೆಂಡತಿಯ ಕಡೆ ನೋಡಿದ. ಕಿಟ್ಟಿ ಅವನನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹತ್ತಿಕೊಳ್ಳುತ್ತಿತ್ತು.

"ನನಗೆ ಸಮಾಧಾನ ಇದೆ," ಎಂದ ಟೋಬಿಯಾಸ್. "ಮನೇಲಿ ಊಟನೂ ಬೇಕಲ್ಲ."

ಆ ಸಭಾಮನೆ ಕಟ್ಟಿದಾಗಿನಿಂದ ಅಲ್ಲಿ ಯಾರೂ ನಕ್ಕಿರಲಿಲ್ಲ. ಅಂದು ಎಬಿಯೇ ಮೊದಲು ನಕ್ಕ. ನಗದೆ ಕೂತಿದ್ದವನು ಇಸ್ರೆಲ್ ಒಬ್ಬನೇ. ಟೋಪಿಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಪೇಟೆಂಟ್ ಬಂತು. ಲೇನಾ ಅದನ್ನು ಗೋಡೆಗೆ ಹಾಕಲಿಲ್ಲ, ಯಾರಿಗೂ ಮಾರಲಿಲ್ಲ. ಬೇಕಾದವರು ಮಾಡಿಕೊಳ್ಳಿ ಎಂದಳು, ಮಾಡಿಕೊಂಡರು. ಪೀಕ್ ಆ ಕಡೆ ತಲೆ ಹಾಕಲಿಲ್ಲ. ಅವಳ ಗೋರಿಯ ಕಲ್ಲಿನ ಮೇಲೆ ಹೆಸರು, ಹುಟ್ಟು, ಸಾವು ಬಿಟ್ಟು ಬೇರೇನೂ ಇಲ್ಲ, ನಮ್ಮಲ್ಲಿ ಯಾರ ಕಲ್ಲಿನ ಮೇಲೂ ಇರುವುದಿಲ್ಲ. ಇಂಥ ಹೆಂಗಸನ್ನು ಹೊಗಳಲು ನಾಲಗೆ ತುರಿಸುತ್ತದೆ, ಏನು ಮಾಡುವುದು, ಅವಳೇ ಬಿಡುತ್ತಿರಲಿಲ್ಲ. ಮುದುಕಿಯಾದ ಮೇಲೆ ಯಂತ್ರದ ಮಾತು ಬಂದಾಗ ಅವಳು ಪೇಟೆಂಟಿನ ಕತೆ ಹೇಳುತ್ತಿರಲಿಲ್ಲ. ರೊಟ್ಟಿ ಮುರಿದ ಭಾನುವಾರದ ಮಾರನೆಯ ದಿನದ್ದನ್ನು ಹೇಳುತ್ತಿದ್ದಳು.

ಆ ಸೋಮವಾರ ಕೊಪ್ಪರಿಗೆ ಒಲೆಯ ಮೇಲಿತ್ತು. ಸಲೋಮೆ ಅಜ್ಜಿಮನೆಯಿಂದ ಹೊರಗೆ ಬಂದು, ಸೊಸೆಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಎಡಗೈಯಲ್ಲಿ ಹಿಡಿ ಹಿಡಿದಳು. ತಿರುಗಿಸಿದಳು. ಹುಟ್ಟು ಅಂಚು ಹಿಡಿದು ಸುತ್ತಿತು, ಮತ್ತೆ ಸುತ್ತಿತು, ನಡುವಿಗೆ ಗೀಟೆಳೆಯಿತು. ಮುದುಕಿ ತಿರುಗಿಸುತ್ತಲೇ ಇದ್ದಳು.

"ಆವತ್ತು ಒಗೆಯೋ ಮನೆ ಹಿಂದೆ ನಿನ್ನ ನೆರಳು ನೋಡಿದ್ದೆ ಕಣೆ," ಎಂದಳು ಕೊನೆಗೆ, ಲೇಹ್ಯದಿಂದ ಕಣ್ಣೆತ್ತದೆ. "ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದೆ. ನೀನು ಹೇಳ್ಲಿಲ್ಲ. ಯಂತ್ರ ಮಾಡ್ದೆ."

ಲೇನಾ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಹೊಗೆ," ಎಂದಳು.

"ಹೊಗೆ ಆ ಕಡೆ ಹೋಗ್ತಿದೆ," ಎಂದಳು ಸಲೋಮೆ. "ಮಾಡಿದ್ದೇನೋ ಮಾಡ್ದೆ, ಮಾರಾಯ್ತಿ, ಈ ಹಿಡಿ ಇಷ್ಟು ಎತ್ತರಕ್ಕಾ ಇಡೋದು? ನಾನೇನು ನಿನ್ನಷ್ಟು ಉದ್ದ ಇದೀನಾ?"

ಹಿಡಿ ನಿಂತ ಮರದ ಕಂಬ ಮೊಟಕು ಮಾಡಬೇಕಲ್ಲ, ಲೇನಾ ಗಂಡನನ್ನು ಕೂಗಿ ಗರಗಸ ತರಲು ಹೇಳಿದಳು.